ಹುಳಕ್ಕೆ ಒಂದೇ ಕಾಲಂ

ನಾನು ಮೂವತ್ತಮೂರನೇ ವಯಸ್ಸಿಗೆ ನಿವೃತ್ತಳಾದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕ್ರಮಪ್ರಕಾರ ಆಯಿತು. ಬುಟ್ಟಿಯಲ್ಲಿ ಆರು ಸೇಬು, ನಾಲ್ಕು ಮೂಸಂಬಿ, ಒಂದು ಅನಾನಸ್ ಇದ್ದವು. ಅನಾನಸ್ ಒಳಗೆ ಕೊಳೆತಿತ್ತು. ಭಾಷಣ ಮಾಡಿದವರು ಮೂವರು. ಅವರಲ್ಲಿ ಇಬ್ಬರು ನನ್ನ ಹೆಸರನ್ನು ಸರಿಯಾಗಿ ಹೇಳಿದರು. ಗುತ್ತಿಗೆ ನವೀಕರಿಸುವುದಿಲ್ಲ ಎಂದು ನೇರವಾಗಿ ಹೇಳಿದರೆ ಒರಟಾಗುತ್ತದೆಂದು ನಮ್ಮ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಅದನ್ನು ನಿವೃತ್ತಿ ಎನ್ನುತ್ತಾರೆ. ಸೇವಾವಧಿ ಒಂಬತ್ತು ವರ್ಷ. ಡೈರಿಗಳು ಒಂಬತ್ತು. ಬಡ್ತಿ ಸೊನ್ನೆ. ಆದ್ದರಿಂದ ಬಡ್ತಿಗಳ ಬಗ್ಗೆ ಬರೆದು ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ.

ನನ್ನ ಕುರ್ಚಿಗೆ ಈಗ ಇಬ್ಬರು ಹೊಸಬರು ಬಂದಿದ್ದೀರಿ ಎಂದು ಅಟೆಂಡರ್ ಮಾಬುಸಾಬ ಫೋನಿನಲ್ಲಿ ಹೇಳಿದ. ಒಬ್ಬಳು ಮಾಡುತ್ತಿದ್ದ ಕೆಲಸಕ್ಕೆ ಇಬ್ಬರನ್ನು ಇಟ್ಟಿದ್ದಾರೆಂದರೆ ನನ್ನ ಬಗ್ಗೆ ಅವರಿಗಿದ್ದ ಗೌರವ ಈಗ ತಿಳಿಯುತ್ತಿದೆ. ನೀವು ಕೇಳಿಲ್ಲ, ಆದರೂ ಆ ಕೆಲಸ ನಿಜವಾಗಿ ಏನು ಎಂದು ಬರೆದಿಡುತ್ತಿದ್ದೇನೆ.

ಕೆಲಸ ಇಷ್ಟೇ: ಮಣ್ಣಿನಲ್ಲಿರುವ ಹುಳ ಎಣಿಸುವುದು. ಎರೆಹುಳವಲ್ಲ. ಅದನ್ನು ಯಾರು ಬೇಕಾದರೂ ಎಣಿಸುತ್ತಾರೆ. ಇದು ನೆಮಟೋಡ್, ದುಂಡುಹುಳ. ಹೆಚ್ಚಿನವು ಒಂದು ಮಿಲಿಮೀಟರಿನ ಆಸುಪಾಸು ಉದ್ದ, ಗಾಜಿನಂತೆ ಪಾರದರ್ಶಕ. ಒಂದು ಹಿಡಿ ಒಳ್ಳೆಯ ಮಣ್ಣಿನಲ್ಲಿ ನಮ್ಮ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಸಂಜೆ ಸೇರುವವರಿಗಿಂತ ಹೆಚ್ಚು ಇರುತ್ತವೆ, ಮತ್ತು ಅವರಿಗಿಂತ ಶಿಸ್ತಾಗಿ ಇರುತ್ತವೆ.

ಎಣಿಸುವ ಮೊದಲು ಅವನ್ನು ಹೊರಗೆ ಕರೆಯಬೇಕು. ಗಾಜಿನ ಆಲಿಕೆಯ ಬಾಲಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ ಕ್ಲಿಪ್ಪು ಹಾಕಿ. ಆಲಿಕೆಯ ತುಂಬ ನೀರು. ಮೇಲೆ ಒಂದು ಜಾಲರಿ, ಅದರ ಮೇಲೆ ಟಿಶ್ಯೂ ಕಾಗದದಲ್ಲಿ ಮಣ್ಣು, ನೀರು ತಾಗುವಂತೆ. ಒಂದು ದಿನ ಬಿಡಿ. ಹುಳಗಳು ಕಾಗದ ತೂರಿಕೊಂಡು ನೀರಿಗಿಳಿಯುತ್ತವೆ. ನೀರಿನಲ್ಲಿ ಮೇಲೇರಲು ಅವಕ್ಕೆ ಬಾರದು. ನುಲಿಯುತ್ತ ನುಲಿಯುತ್ತ ತಳಕ್ಕೆ ಸೇರುತ್ತವೆ. ಕ್ಲಿಪ್ಪು ಬಿಚ್ಚಿದರೆ ಚಮಚದಷ್ಟು ನೀರಿನಲ್ಲಿ ಇಡೀ ಊರು ಇಳಿದು ಬರುತ್ತದೆ. ನಮ್ಮಲ್ಲಿ ಆಲಿಕೆಗಳು ಹನ್ನೆರಡು. ಒಡೆಯದಿರುವವು ಏಳು.

ಎಣಿಸಲು ಒಂದು ಕೈಯಂತ್ರ ಕೊಡುತ್ತಾರೆ, ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಸಂಖ್ಯೆ ಒಂದು ಮುಂದಕ್ಕೆ ಹೋಗುವಂಥದ್ದು. ಹಂಪಿಯಲ್ಲಿ ಪ್ರವಾಸಿಗರ ತಲೆ ಎಣಿಸಲು ಗೈಡುಗಳು ಹಿಡಿದಿರುತ್ತಾರಲ್ಲ, ಅದೇ. ಅದಕ್ಕೆ ಒಂದೇ ಗುಂಡಿ. ಈ ವಿವರ ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಮುಖ್ಯಸ್ಥರು ಕೊಟ್ರೇಶ್ ಸರ್. ಮಣ್ಣಿಗೆ ಬರುವ ಮೊದಲು ಅವರು ಕುಡಿಯುವ ನೀರಿನ ಪರೀಕ್ಷೆಯಲ್ಲಿದ್ದವರು. ಬರುವಾಗ ಅನುಭವದ ಜೊತೆಗೆ ವರದಿಯ ಫಾರಂ ಕೂಡ ತಂದರು. ನೀರಿನ ಫಾರಂನಲ್ಲಿ "ಜೀವಿಗಳ ಸಂಖ್ಯೆ" ಎಂದು ಒಂದು ಕಾಲಂ ಇತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ: ನೂರರ ಒಳಗೆ ಉತ್ತಮ, ಐನೂರರ ಒಳಗೆ ಸಾಧಾರಣ, ಅದನ್ನು ಮೀರಿದರೆ ಅಪಾಯಕಾರಿ. ಸರ್ "ನೀರು" ಎಂಬಲ್ಲಿ "ಮಣ್ಣು" ಎಂದು ಬದಲಾಯಿಸಿ ಐದು ಸಾವಿರ ಪ್ರತಿ ಅಚ್ಚು ಹಾಕಿಸಿದರು. ಅವು ಮುಗಿಯುವವರೆಗೆ ಹೊಸಪೇಟೆಯಲ್ಲಿ ವಿಜ್ಞಾನ ಬದಲಾಗುವಂತಿರಲಿಲ್ಲ.

ಸರ್ ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಎರಡು ಸಲ ಮಾತ್ರೆ ತರಿಸಿಕೊಟ್ಟಿದ್ದಾರೆ. ಫೈಲಿನಲ್ಲಿ ಇರುವುದು ಲೋಕದಲ್ಲಿ ಇದೆ, ಇಲ್ಲದ್ದು ಇಲ್ಲ ಎಂಬ ತತ್ವದವರು ಅಷ್ಟೇ.

ಎರಡನೇ ವರ್ಷ ದೂರದ ಒಂದು ವಿಶ್ವವಿದ್ಯಾಲಯದಿಂದ ಬಸ್ ಪಾರ್ಸೆಲ್ಲಿನಲ್ಲಿ ಒಂದು ತಟ್ಟೆ ಹುಳ ಬಂತು. ಸೀನೊರಾಬ್ಡೈಟಿಸ್ ಎಲೆಗನ್ಸ್. ಯಾರ ಬೇರನ್ನೂ ಕಚ್ಚದೆ, ಯಾರ ಹೊಟ್ಟೆಯನ್ನೂ ಸೇರದೆ ಸ್ವತಂತ್ರವಾಗಿ ಬದುಕುವ ಹುಳ. ಕೊಳೆಯುವ ಎಲೆ, ಹಣ್ಣು, ಗೊಬ್ಬರದ ಬ್ಯಾಕ್ಟೀರಿಯಾ ಅದರ ಆಹಾರ. ಬಲಿತ ಹುಳದ ದೇಹದಲ್ಲಿ ಒಂಬೈನೂರ ಐವತ್ತೊಂಬತ್ತು ಜೀವಕೋಶ, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಅದರಲ್ಲಿ ಮುನ್ನೂರ ಎರಡು ನರಕೋಶ. ಅಷ್ಟರಲ್ಲೇ ಅದು ವಾಸನೆ ಹಿಡಿಯುತ್ತದೆ, ಬಿಸಿಯಿಂದ ದೂರ ಸರಿಯುತ್ತದೆ, ಒಮ್ಮೆ ಕಾಯಿಲೆ ಬೀಳಿಸಿದ ಆಹಾರವನ್ನು ಮತ್ತೆ ಮುಟ್ಟದಿರಲು ಕಲಿಯುತ್ತದೆ. ಈ ಕೊನೆಯದನ್ನು ನಮ್ಮ ಕೇಂದ್ರದ ಕ್ಯಾಂಟೀನಿನಲ್ಲಿ ಯಾರೂ ಕಲಿತದ್ದನ್ನು ನಾನು ನೋಡಲಿಲ್ಲ. ಮುಪ್ಪು ಹೇಗೆ ಬರುತ್ತದೆಂದು ಈ ಹುಳದಲ್ಲಿ ನೋಡುತ್ತಾರೆ, ಜೀವಕೋಶ ಯಾವಾಗ ತಾನಾಗಿ ಸಾಯುತ್ತದೆ ಎಂಬುದನ್ನು ಇದರಲ್ಲೇ ನೋಡಿ ನೊಬೆಲ್ ಪಡೆದವರಿದ್ದಾರೆ. ನಮಗೆ ಅದನ್ನು ಕೊಟ್ಟದ್ದು ಸಂಡೂರಿನ ಗಣಿಗಳಿಂದ ಹರಿದು ಬರುವ ನೀರನ್ನು ಪರೀಕ್ಷಿಸಲು: ಆ ನೀರಿನಲ್ಲಿ ಹುಳ ಬಿಡುವುದು, ಒಂದು ದಿನದ ನಂತರ ಎಷ್ಟು ಅಲುಗಾಡುತ್ತಿವೆ ಎಂದು ಎಣಿಸುವುದು.

ಅವುಗಳ ಸಂಸಾರವನ್ನು ಮಾಬುಸಾಬನಿಗೆ ವಿವರಿಸಿದ ದಿನದ ಮಾತು ಡೈರಿಯಲ್ಲಿದೆ.

"ಇವು ಹೆಚ್ಚುಕಮ್ಮಿ ಎಲ್ಲಾ ತಾವ ಗಂಡು, ತಾವ ಹೆಣ್ಣು, ಮಾಬುಸಾಬ. ಬರೇ ಗಂಡು ಸಾವಿರಕ್ಕೊಂದು ಹುಟ್ಟಿದ್ರ ಭಾಳ."

"ಸಾವ್ರಕ್ಕೊಂದಾ? ಮತ್ತ ಸಂಸಾರ ನಡೀತೈತಾ?"

"ಮಸ್ತ್ ನಡೀತೈತಿ. ಮೂರ್ನಾಕು ದಿನದಾಗ ಮೊಟ್ಟಿ ಒಡ್ದು ಬಲತು ಮತ್ತ ಮೊಟ್ಟಿ ಇಡ್ತಾವ."

ಮಾಬುಸಾಬ ತಟ್ಟೆಯ ಮುಚ್ಚಳ ಹಾಕಿ, "ಇದು ನಮ್ಮ ಮನ್ಯಾಗ ಹೇಳಬ್ಯಾಡ್ರಿ ಮೇಡಂ" ಎಂದ.

ಆ ಹುಳಕ್ಕೆ ಇಪ್ಪತ್ತು ಡಿಗ್ರಿ ಹಿತ. ಇಪ್ಪತ್ತೈದು ದಾಟಿದರೆ ಮೊಟ್ಟೆ ಕಡಿಮೆ, ಇನ್ನೆರಡು ಏರಿದರೆ ಸಂತಾನವೇ ಇಲ್ಲ. ಹೊಸಪೇಟೆಯ ಏಪ್ರಿಲ್ ಹೇಗಿರುತ್ತದೆಂದು ನಿಮಗೆ ಗೊತ್ತು. ಇಡೀ ಕಟ್ಟಡದಲ್ಲಿ ಎಸಿ ಇದ್ದದ್ದು ಕೊಟ್ರೇಶ್ ಸರ್ ಕೋಣೆಯಲ್ಲಿ ಮಾತ್ರ. ಮೂರು ಅರ್ಜಿ ಬರೆದೆ. ಮೂರನೆಯದಕ್ಕೆ ಒಪ್ಪಿಗೆ ಸಿಕ್ಕಿತು. ತಟ್ಟೆಗಳು ಸರ್ ಮೇಜಿನ ಬಲಗಡೆ, ಫೋನಿನ ಪಕ್ಕ ಕುಳಿತವು. ಬಂದವರೆಲ್ಲ ಅದೇನೋ ಸಿಹಿ ಎಂದು ಮುಚ್ಚಳ ತೆಗೆದು ನೋಡುತ್ತಿದ್ದರು. ಸರ್ ರಜೆ ಹಾಕಿದ ಎರಡು ವಾರ ಕೋಣೆಗೆ ಬೀಗ ಬಿತ್ತು, ಎಸಿ ನಿಂತಿತು. ತಿರುಗಿ ಬಂದಾಗ ಹನ್ನೊಂದು ತಟ್ಟೆಗಳಲ್ಲಿ ಒಂಬತ್ತು ಖಾಲಿ. ಉಳಿದ ಎರಡರಲ್ಲಿ ಕಂಡದ್ದು ಅವುಗಳ ಇನ್ನೊಂದು ರೂಪ. ಆಹಾರ ಮುಗಿದು, ಕಾಲ ಕೆಟ್ಟರೆ ಎಳೆಯ ಹುಳ ಬಾಯಿಯನ್ನು ಮುಚ್ಚಿಕೊಂಡು, ಚರ್ಮ ಗಟ್ಟಿ ಮಾಡಿಕೊಂಡು, ಏನೂ ತಿನ್ನದೆ ತಿಂಗಳುಗಟ್ಟಲೆ ಬದುಕುತ್ತದೆ. ಒಳ್ಳೆಯ ದಿನ ಬಂದಾಗ ಬಾಯಿ ತೆರೆಯುತ್ತದೆ. ಗುತ್ತಿಗೆ ನೌಕರರು ಇದನ್ನು ಕಲಿಯಲು ವಿಶ್ವವಿದ್ಯಾಲಯಕ್ಕೆ ಹೋಗಬೇಕಾಗಿಲ್ಲ.

ಮೂರನೇ ವರ್ಷದ ಆಯುಧಪೂಜೆ. ನಮ್ಮ ಮನೆಯಲ್ಲಿ ಬುದ್ಧನ ಫೋಟೋದ ಮುಂದೆ ಒಂದು ಮೇಣದಬತ್ತಿ ಹಚ್ಚುವುದು ಬಿಟ್ಟರೆ ಬೇರೆ ಪೂಜೆಯಿಲ್ಲ. ಹಾಗಾಗಿ ಕುಂಕುಮ ವಿಭೂತಿಯ ಕೆಲಸಕ್ಕೆ ನಾನು ತಕ್ಕವಳಲ್ಲ ಎಂದು ಸರ್ ತಾವೇ ಅದನ್ನು ವಹಿಸಿಕೊಂಡರು. ಭಕ್ತಿ ಸ್ವಲ್ಪ ಹೆಚ್ಚಾಯಿತು. ಮರುದಿನದಿಂದ ಮಾಲಿಕನ ಊರು ಯಾವುದೇ ಇರಲಿ, ಬೆಳೆ ಯಾವುದೇ ಇರಲಿ, ಪ್ರತಿ ಮಣ್ಣಿನಲ್ಲಿಯೂ ಮೂರು ಅಡ್ಡಗೆರೆ ಕಾಣತೊಡಗಿದವು. ನಾಲ್ಕು ದಿನ ಅದನ್ನು ಹೊಸ ಬಗೆಯ ಬೂಸ್ಟು ಎಂದು ಬರೆದೆ, ಚಿತ್ರ ಕೂಡ ತೆಗೆದೆ. ಐದನೇ ದಿನ ಮಾಬುಸಾಬ ಮೈಕ್ರೋಸ್ಕೋಪಿನ ಮಸೂರವನ್ನು ಒರೆಸಿದ. ಬೂಸ್ಟು ಆ ಕ್ಷಣವೇ ಬಳ್ಳಾರಿ ಸೀಮೆಯಿಂದ ನಿರ್ಮೂಲವಾಯಿತು.

ಚೋರನೂರಿನಿಂದ ಒಮ್ಮೆ ಹತ್ತು ಮಂದಿ ರೈತರ ಹತ್ತು ಚೀಲ ಬಂದವು. ನನ್ನ ಎಣಿಕೆಯಲ್ಲಿ ನಲವತ್ತರಿಂದ ಮುನ್ನೂರರವರೆಗೆ ವ್ಯತ್ಯಾಸ. ಒಬ್ಬೊಬ್ಬರ ಬೇಸಾಯಕ್ಕೆ ತಕ್ಕಂತೆ ಒಂದೊಂದು ವಿವರಣೆ ಬರೆದೆ, ಬರೆದು ನನ್ನನ್ನು ನಾನೇ ಮೆಚ್ಚಿಕೊಂಡೆ. ಆಮೇಲೆ ತಿಳಿದದ್ದು: ಹೊಲಗಳು ದೂರ ಎಂದು ಹತ್ತೂ ಚೀಲದ ಮಣ್ಣನ್ನು ಬಸ್ ನಿಲ್ಲುವ ಜಾಗದ ಒಂದೇ ಗುಂಡಿಯಿಂದ ತುಂಬಿದ್ದರು. ನನ್ನ ಹತ್ತು ವಿವರಣೆಗಳಿಗೂ ಹತ್ತೂ ಮಂದಿ ಒಪ್ಪಿ ತಲೆಯಾಡಿಸಿದ್ದರು.

ಸಂಡೂರಿನ ಕಡೆಯ ಒಂದು ಗಣಿಯವರ ಕಥೆಯೂ ಇದೆ. ಅದಿರು ತೆಗೆದು ಉಳಿದ ಮಣ್ಣಿನ ಗುಡ್ಡೆಯ ಮೇಲೆ ಸಸಿ ನೆಟ್ಟು, ಮಣ್ಣು ಮತ್ತೆ ಜೀವಂತವಾಗಿದೆಯೇ ನೋಡಿ ಹೇಳಿ ಎಂದು ಚೀಲ ಕಳಿಸಿದ್ದರು. ಕೆಂಪು ಮಣ್ಣು, ಮೇಜು ಒರೆಸಿದರೂ ಎರಡು ದಿನ ಕೆಂಪಾಗಿಯೇ ಇತ್ತು. ಆಲಿಕೆಯಿಂದ ಇಳಿದ ಹುಳ ನಾಲ್ಕು. ಮಣ್ಣು ಇನ್ನೂ ಸತ್ತೇ ಇದೆ ಎಂದು ಅದರ ಅರ್ಥ. ಫಾರಂ ಪ್ರಕಾರ ನಾಲ್ಕು ನೂರರ ಒಳಗೆ. ಹಾಗಾಗಿ "ಉತ್ತಮ" ಎಂದು ಬರೆದೆ. ಆ ವರದಿಗೆ ಚೌಕಟ್ಟು ಹಾಕಿಸಿ ತಮ್ಮ ಆಫೀಸಿನಲ್ಲಿ ತೂಗುಹಾಕಿದರಂತೆ. ನಾನು ಆ ದಿನದ ಡೈರಿಯಲ್ಲಿ "ವಿಚಿತ್ರ" ಎಂದು ಒಂದು ಪದ ಬರೆದು ಊಟಕ್ಕೆ ಹೋದೆ. ಊಟಕ್ಕೆ ಏನಿತ್ತು ಎಂಬುದನ್ನು ಮಾತ್ರ ವಿವರವಾಗಿ ಬರೆದಿದ್ದೇನೆ.

ನಡುವೆ ವಿಧಾನಗಳೂ ಬದಲಾದವು. ಫೋನನ್ನು ಮೈಕ್ರೋಸ್ಕೋಪಿಗೆ ಕಟ್ಟಿದರೆ ತಾನೇ ಎಣಿಸುವ ತಂತ್ರಾಂಶ ಬಂತು. ಅದು ಹುಳವನ್ನು ಎಣಿಸಿತು, ಟಿಶ್ಯೂ ಕಾಗದದ ಎಳೆಯನ್ನು ಎಣಿಸಿತು, ಒಂದು ಸಲ ನನ್ನ ರೆಪ್ಪೆಗೂದಲನ್ನೂ ಎಣಿಸಿತು. ಯಂತ್ರಕ್ಕೆ ಬುದ್ಧಿಯಿಲ್ಲ ಎಂದು ನಾನು ನಕ್ಕೆ. ನನಗಿದ್ದ ಬುದ್ಧಿಯ ಲೆಕ್ಕ ಈಗ ಬರುತ್ತದೆ.

ಒಂಬತ್ತನೇ ವರ್ಷ, ಜೂನ್ ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಇರುವಾಗ, ಎಮ್ಮಿಗನೂರಿನ ಹುಲಿಗೆಮ್ಮ ಒಳಗೆ ಬಂದರು. ಐವತ್ತರ ಆಸುಪಾಸಿನ ಹೆಂಗಸು. ಒಂದು ಕೈಯಲ್ಲಿ ನಮ್ಮ ಕೇಂದ್ರದ ವರದಿ, ಇನ್ನೊಂದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೆಣಸಿನ ಸಸಿಗಳು. ಅವರದ್ದು ಸಸಿ ಬೆಳೆಸುವ ಕೆಲಸ. ಆರು ಮಡಿ: ಮೆಣಸಿನಕಾಯಿ, ಬದನೆ, ಟೊಮೆಟೊ. ಕಂಪ್ಲಿ ಕಡೆಯ ಬೆಳೆಗಾರರ ಸಂಘವೊಂದು ಪ್ರತಿ ವರ್ಷ ಅವರಿಂದಲೇ ಸಸಿ ಕೊಳ್ಳುತ್ತಿತ್ತು. ಈ ವರ್ಷ ಮಣ್ಣಿನ ವರದಿ ಬೇಕೆಂದು ಹೊಸ ನಿಯಮ ಮಾಡಿದ್ದರು. ವರದಿ ನಾನು ಕೊಟ್ಟದ್ದು. ಹುಳ: ಒಂದು ಸಾವಿರದ ನೂರ ನಲವತ್ತಾರು. ಅಪಾಯಕಾರಿ. ಆರೂ ಮಡಿಗೆ ಹುಳ ಸಾಯುವ ಔಷಧ ಸುರಿಯಬೇಕು, ಇಲ್ಲದಿದ್ದರೆ ಸಸಿ ಬೇಡ ಎಂದು ಸಂಘ ಹೇಳಿತ್ತು.

"ಬರ್ರಿ, ಕುಂದ್ರಿ" ಎಂದೆ.

ಕೂರಲಿಲ್ಲ. "ಹುಳ ಎಣಿಸಿದಾಕಿ ನೀನಾ?"

"ಹೌದ್ರಿ."

"ಸಾವ್ರದ ನೂರಾ ನಲವತ್ತಾರು. ಎಲ್ಲಾ ನೀನ ಎಣಿಸೀದಿ?"

"ಮೂರು ಸಲ ಎಣಿಸೀನ್ರಿ. ಒಂದೂ ಹೆಚ್ಚುಕಮ್ಮಿ ಇಲ್ಲ."

"ಭಾಳ ಶಾಣ್ಯಾಕಿ ಅದಿ." ಬಟ್ಟೆ ಬಿಚ್ಚಿ ಸಸಿಗಳನ್ನು ಮೇಜಿನ ಮೇಲೆ ಹರಡಿದರು. "ಹಂಗಾರ ಈ ಬೇರಿನಾಗ ಒಂದು ಗಂಟು ತೋರ್ಸು."

ಬೇರು ತಿನ್ನುವ ಹುಳ ಹತ್ತಿದರೆ ಬೇರಿನಲ್ಲಿ ಮಣಿ ಪೋಣಿಸಿದಂತೆ ಗಂಟುಗಳೇಳುತ್ತವೆ. ಹದಿನಾಲ್ಕು ಸಸಿ ನೋಡಿದೆ. ಬೇರುಗಳು ಬೆಳ್ಳಗೆ, ನೂಲಿನ ಹಾಗೆ ನೇರ. ಗಂಟು ಸೊನ್ನೆ.

"ಎರಡು ಮಡಿಗೆ ಆಗ್ಲೇ ಸುರುವ್ಯಾರ. ಇನ್ನ ನಾಕು ಉಳ್ದಾವ. ಶುಕ್ರವಾರ ಮುಂಜಾನಿ ಬರ್ತಾರಂತ. ಅಷ್ಟ್ರಾಗ ಆ ಹುಳ ನನಗ ಕಣ್ಣಾರೆ ತೋರ್ಸು. ನೋಡೇ ಹೋಗ್ತೀನಿ."

ಅವರ ಮಣ್ಣಿನ ಉಳಿದ ಭಾಗ ಕಪಾಟಿನಲ್ಲಿತ್ತು. ಹಿಂದಿನ ದಿನ ಮರುಪರೀಕ್ಷೆಗೆಂದು ಆಲಿಕೆಗೂ ಹಾಕಿದ್ದೆ. ನಾನು ಅಷ್ಟು ಕ್ರಮದವಳು. ನೀರು ಇಳಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಹುಲಿಗೆಮ್ಮ ಬಗ್ಗಿ ನೋಡಿದರು. ಮೊದಲು ತಮ್ಮದೇ ರೆಪ್ಪೆ ಕಂಡಿತು. ಆಮೇಲೆ ಹುಳ ಕಂಡವು.

"ಅಯ್ಯ! ಶ್ಯಾವಿಗಿ ಕುಣದಂಗ ಕುಣೀತಾವಲ್ಲ! ಇದೆಲ್ಲಾ ನನ್ನ ಮಡ್ಯಾಗ ಇತ್ತಾ?"

"ಇತ್ರಿ."

"ಇದರ ಬಾಯಿ ಯಾ ಕಡಿ ಐತಿ?"

ಒಂಬತ್ತು ವರ್ಷದಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ. ದೊಡ್ಡ ಮಸೂರ ತಿರುಗಿಸಿ ಒಂದು ಹುಳದ ತಲೆಯನ್ನು ಹಿಡಿದು ತೋರಿಸಿದೆ. ತೆರೆದ ಸಣ್ಣ ಕೊಳವೆ, ಅದರ ಹಿಂದೆ ಗಂಟಲಿನಲ್ಲಿ ಒಂದು ಗುಂಡನೆಯ ಗಡ್ಡೆ ಪಟಪಟನೆ ಬಡಿದುಕೊಳ್ಳುತ್ತಿತ್ತು.

"ಎದಿ ಬಡ್ಕೊಂಡಂಗ ಐತಿ. ಏನು ತಿಂತೈತಿದು?"

"ಗೊಬ್ಬರದಾಗಿನ ಬ್ಯಾಕ್ಟೀರಿಯಾ ತಿಂತೈತ್ರಿ. ಕಣ್ಣಿಗೆ ಕಾಣದಂಥ ಜೀವ. ಅದನ್ನ ತಿಂದು ಹೊರಗ ಹಾಕಿದ್ದು ಗಿಡಕ್ಕ ಗೊಬ್ಬರ ಆಗ್ತೈತಿ."

"ಬೇರು ತಿನ್ನಂಗಿಲ್ಲ?"

"ಇಲ್ರಿ. ಬೇರು ತಿನ್ನೋದಕ್ಕ ಬಾಯಾಗ ಸೂಜಿ ಇರ್ತೈತಿ. ಚುಚ್ಚಿ ಹೀರ್ತೈತಿ. ಇದಕ್ಕ ಸೂಜಿ ಇಲ್ಲ."

ಹುಲಿಗೆಮ್ಮ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಉತ್ತರ ಕೊಡಬಹುದಿತ್ತು.

"ನಿನಗ ಇಷ್ಟೆಲ್ಲಾ ಗೊತ್ತೈತಿ. ಮತ್ತ ಯಾಕವ್ವಾ ನನ್ನ ಮಡಿಗೆ ವಿಷ ಹೊಡ್ಸೀದಿ?"

ಆ ಪ್ರಶ್ನೆಯನ್ನು ಡೈರಿಯಲ್ಲಿ ಅವರ ಮಾತಿನಲ್ಲೇ ಬರೆದುಕೊಂಡೆ.

ಅವರನ್ನು ಕೂರಿಸಿ ಕೆಲಸಕ್ಕೆ ಇಳಿದೆ. ಬಿಸಿನೀರು ತಾಗಿಸಿ ಹುಳಗಳ ಓಡಾಟ ನಿಲ್ಲಿಸಿ, ಇನ್ನೂರು ಹುಳಗಳ ಬಾಯಿ ಒಂದೊಂದಾಗಿ ನೋಡಿದೆ. ಸಂಜೆಯಾಯಿತು. ಸೂಜಿ ಇದ್ದವು ಒಂಬತ್ತು. ಅದರಲ್ಲಿ ಏಳು ಬೂಸ್ಟು ಹೀರುವ ಜಾತಿ. ಅವುಗಳ ಸೂಜಿ ಸಣ್ಣದು, ಗಿಡದ ಗೊಡವೆಗೆ ಹೋಗುವುದು ಅಪರೂಪ. ಬೇರು ಚುಚ್ಚುವವು ಎರಡು. ಉಳಿದ ನೂರ ತೊಂಬತ್ತೊಂದು ಹುಲಿಗೆಮ್ಮನ ಸಗಣಿಗೊಬ್ಬರವನ್ನು ಗಿಡದ ಬಾಯಿಗೆ ತಲುಪಿಸುವ ಕೂಲಿಯಾಳುಗಳು. ನಾನು ಆ ಕೂಲಿಯಾಳುಗಳ ತಲೆ ಎಣಿಸಿ, ಇಷ್ಟೊಂದು ಕಳ್ಳರಿದ್ದಾರೆ ಎಂದು ವರದಿ ಕೊಟ್ಟಿದ್ದೆ.

ಆ ಸಂಜೆ ಗಾದಿಗನೂರಿನ ನಮ್ಮ ಮನೆಯಲ್ಲಿ ಒಂಬತ್ತೂ ಡೈರಿ ತೆಗೆದೆ. ಮೊದಲ ವರ್ಷದ ಮೊದಲ ತಿಂಗಳಲ್ಲಿ ಪ್ರತಿ ಎಣಿಕೆಯ ಪಕ್ಕ ನನ್ನದೇ ಅಕ್ಷರದಲ್ಲಿ ಬರೆದಿದೆ: "ಬಹುಪಾಲು ಸೂಜಿ ಇಲ್ಲದವು." ಎರಡನೇ ತಿಂಗಳಲ್ಲಿ ಅದು "ಸೂ.ಇ." ಆಯಿತು. ಮೂರನೇ ತಿಂಗಳಿಂದ ಏನೂ ಇಲ್ಲ. ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಕೈಯಂತ್ರದಲ್ಲಿ ಎರಡನೇ ಗುಂಡಿ ಇರಲಿಲ್ಲ. ಹಾಗಾಗಿ ನಾನು ನೋಡುವುದನ್ನೇ ಬಿಟ್ಟೆ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇದನ್ನು ಬರೆಯಲು ಸುಲಭವಾಗುತ್ತಿತ್ತು. "ಅಪಾಯಕಾರಿ" ಎಂದು ನಾನು ಬರೆದುಕೊಟ್ಟ ವರದಿಗಳ ಲೆಕ್ಕ ಹಾಕಿದೆ. ಇನ್ನೂರ ಹದಿನಾಲ್ಕು.

ಬುಧವಾರ ಬೆಳಿಗ್ಗೆ ಕೊಟ್ರೇಶ್ ಸರ್ ಮುಂದೆ ನಿಂತೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ಸುಜಾತಾ, ಎಣಿಕಿ ಸರಿ ಐತಿಲ್ಲ?"

"ಎಣಿಕಿ ಸರಿ ಐತಿ ಸರ್. ಎಣಿಸಿದ್ದು ತಪ್ಪು."

"ಎಣಿಕಿ ಸರಿ ಇದ್ರ ವರದಿ ಸರಿ. ಇವತ್ತು ಒಂದು ತಿದ್ದಿದ್ರ ನಾಳಿ ಒಂಬತ್ತು ವರ್ಷದ್ದು ತಿದ್ಬೇಕಾಗ್ತೈತಿ. ಯಾರು ಕುಂದ್ರವ್ರು?"

"ನಾನು ಕುಂದ್ರತೀನಿ ಸರ್."

"ನೀ ಕುಂದ್ರಾಕ ಮುಂದಿನ ತಿಂಗಳ ನವೀಕರಣ ಆಗ್ಬೇಕಲ್ಲ?" ಬಹಳ ಮೃದುವಾಗಿ ಹೇಳಿದರು. ಆಮೇಲೆ ಬಾಗಿಲ ಕಡೆ ಕೂಗಿದರು, "ಮಾಬುಸಾಬ, ಫಾರಂ ಇನ್ನ ಎಷ್ಟು ಅದಾವಲೇ?"

"ಎರಡು ಬಂಡಲ್ ಸರ್."

"ನೋಡು, ಎರಡ ಬಂಡಲ್. ಅವು ಮುಗೀಲಿ. ಹೊಸಾದು ಮಾಡಿಸಿ ನಿನ್ನ ಸೂಜಿಗೂ ಒಂದು ಕಾಲಂ ಹಾಕೋಣ."

ಎರಡು ಬಂಡಲ್ ಎಂದರೆ ಒಂದು ಸಾವಿರ ಫಾರಂ. ನಮ್ಮಲ್ಲಿಗೆ ಬರುವ ಚೀಲಗಳ ಪ್ರಕಾರ ಎರಡು ವರ್ಷಕ್ಕಿಂತ ಹೆಚ್ಚು. ಹುಲಿಗೆಮ್ಮನಿಗೆ ಇದ್ದದ್ದು ಎರಡು ದಿನ.

ಗುರುವಾರ ಮಧ್ಯಾಹ್ನ ಸರ್ ಸಭೆಗೆ ಹೋದಾಗ ಹೊಸ ಫಾರಂ ಒಂದು ತೆಗೆದುಕೊಂಡು, ಆ ಕಾಲಂ ನಡುವೆ ಅಳತೆಪಟ್ಟಿ ಇಟ್ಟು ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದೆ. ಎಡಕ್ಕೆ "ಬೇರು ಚುಚ್ಚುವವು: ಇನ್ನೂರಕ್ಕೆ ಎರಡು." ಬಲಕ್ಕೆ "ಉಳಿದವು: ಮಣ್ಣಿಗೆ ಒಳ್ಳೆಯವು." ಕೆಳಗೆ: "ಹಿಂದಿನ ವರದಿಯಲ್ಲಿ ಇವೆರಡನ್ನೂ ಸೇರಿಸಿ ಎಣಿಸಿದ್ದು ನನ್ನ ತಪ್ಪು. ಔಷಧ ಬೇಡ." ಸಹಿ ಹಾಕಿದೆ. ಸೀಲು ಇರುವುದು ಮಾಬುಸಾಬನ ಮೇಜಿನಲ್ಲಿ. ಕಾಗದ ಅವನ ಮುಂದಿಟ್ಟೆ.

"ಮಾಬುಸಾಬ, ಇದನ್ನ ಓದಿ ಆಮ್ಯಾಲೆ ಬೇಕಾದ್ರ ಹೊಡಿ."

"ಓದಾಕ ನನಗ ಪಗಾರ ಕೊಡಂಗಿಲ್ಲ ಮೇಡಂ. ಹೊಡ್ಯಾಕ ಅಷ್ಟ ಕೊಡ್ತಾರ." ಸೀಲನ್ನು ಎಂದಿಗಿಂತ ಜೋರಾಗಿ ಒತ್ತಿದ.

ಶುಕ್ರವಾರ ಮೊದಲ ಬಸ್ಸಿಗೆ ಕಂಪ್ಲಿ, ಅಲ್ಲಿಂದ ಎಮ್ಮಿಗನೂರು. ನಾನು ಹೋದಾಗ ಸಂಘದ ಕಾರ್ಯದರ್ಶಿ ಮತ್ತು ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಇಬ್ಬರು ಮೂರನೇ ಮಡಿಯ ಬದುವಿನ ಮೇಲೆ ನಿಂತಿದ್ದರು. ಹುಲಿಗೆಮ್ಮ ಮಡಿಯ ನಡುವೆಯೇ ಕುಕ್ಕರುಗಾಲಲ್ಲಿ ಕೂತಿದ್ದರು. ಅವರ ಮೇಲೆ ಸುರಿಯದೆ ಸಸಿಗೆ ಸುರಿಯುವಂತಿರಲಿಲ್ಲ. ಕಾರ್ಯದರ್ಶಿ ನನ್ನ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಮೇಡಂ, ಇದು ಪೆನ್ಸಿಲ್ಲಿನಾಗ ಐತಲ್ರಿ?"

"ಗೆರಿ ಅಷ್ಟ ಪೆನ್ಸಿಲ್ರಿ. ಸಹಿ ಪೆನ್ನಿಂದು, ಸೀಲು ಇಂಕಿಂದು."

"ಹೋದ ವಾರ ಅಪಾಯ ಅಂದ್ರಿ, ಈ ವಾರ ಒಳ್ಳೇದಂತೀರಿ. ಯಾವ್ದು ನಂಬ್ಬೇಕು?"

"ಎರಡೂ ನಂಬಬ್ಯಾಡ್ರಿ" ಎಂದೆ. "ಬೇರು ಕಿತ್ತು ನೋಡ್ರಿ."

ಉಳಿದ ನಾಲ್ಕು ಮಡಿಗಳಿಂದ ಹತ್ತು ಹತ್ತು ಸಸಿ ಕಿತ್ತರು. ನಲವತ್ತು ಸಸಿ, ಗಂಟು ಸೊನ್ನೆ. ಕಾರ್ಯದರ್ಶಿ ಬೇರನ್ನು ಎರಡು ಸಲ ನೋಡಿದರು, ಸೀಲನ್ನು ನಾಲ್ಕು ಸಲ. ಕೊನೆಗೆ "ಸೀಲು ಐತಲ್ಲ, ಆತು ಬಿಡ್ರಿ" ಎಂದು ಡಬ್ಬಿಯವರಿಗೆ ಸನ್ನೆ ಮಾಡಿದರು. ನಾಲ್ಕು ಮಡಿ ಉಳಿದವು. ಉಳಿಸಿದ್ದು ವಿಜ್ಞಾನವೋ ಮಾಬುಸಾಬನ ತೋಳೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಔಷಧ ಸುರಿದಿದ್ದ ಎರಡು ಮಡಿಗಳ ಸಸಿಗಳು ಆ ತಿಂಗಳ ಕೊನೆಗೆ ಹಳದಿಗೆ ತಿರುಗಿ ನಿಂತಲ್ಲೇ ನಿಂತವು. ಹುಲಿಗೆಮ್ಮ ಆ ಮಡಿಯ ಮಣ್ಣನ್ನು ಅಳಿಯನ ಹೆಸರಿನಲ್ಲಿ ನಮ್ಮ ಕೇಂದ್ರಕ್ಕೆ ಕಳಿಸಿದರು. ನನಗೆ ಗೊತ್ತಿಲ್ಲದೆ ನಾನೇ ಎಣಿಸಿದೆ: ಹನ್ನೆರಡು. ಈಗ ನಾನು ಎಲ್ಲ ಫಾರಂಗಳಿಗೂ ಗೆರೆ ಎಳೆಯುತ್ತಿದ್ದೆ, "ಜೀವ ಇಲ್ಲ" ಎಂದೂ ಪೆನ್ಸಿಲ್ಲಿನಲ್ಲೇ ಬರೆದೆ. ಸರ್ ಅದನ್ನು ರಬ್ಬರಿನಿಂದ ಅಳಿಸಿ "ಉತ್ತಮ" ಎಂದು ತಿದ್ದಿ ಕಳಿಸಿದರು. ಹುಲಿಗೆಮ್ಮ ಆ ವರದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ, ಒಂದು ಕೋಲಿಗೆ ಕಟ್ಟಿ, ಒಣಗಿದ ಮಡಿಯ ನಡುವೆ ನೆಟ್ಟಿದ್ದಾರೆ. ಸಸಿ ಕೊಳ್ಳಲು ಬಂದವರೆಲ್ಲ ಓದಿಕೊಂಡು ಹೋಗುತ್ತಾರೆ.

ಮುಂದಿನ ತಿಂಗಳು ನನ್ನ ನಿವೃತ್ತಿ. ನೆನಪಿನ ಕಾಣಿಕೆಯಾಗಿ ಆ ಕೈಯಂತ್ರವನ್ನೇ ಕೊಟ್ಟರು, ಪೆಟ್ಟಿಗೆಯಲ್ಲಿಟ್ಟು ರಿಬ್ಬನ್ ಕಟ್ಟಿ. "ಇಷ್ಟು ನಿಖರವಾಗಿ ಎಣಿಸುವವರು ಸಿಗುವುದಿಲ್ಲ" ಎಂದು ಸರ್ ಭಾಷಣದಲ್ಲಿ ಹೇಳಿದರು. ಅದನ್ನು ಅವರು ಮನಸಾರೆ ಹೇಳಿದ್ದು.

ಈಗ ಮನೆಯಲ್ಲಿ ಒಂದು ಆಲಿಕೆ, ಹಳೆಯದೊಂದು ಮೈಕ್ರೋಸ್ಕೋಪ್ ಇಟ್ಟುಕೊಂಡಿದ್ದೇನೆ. ಆ ಇನ್ನೂರ ಹದಿನಾಲ್ಕು ಮಂದಿಗೆ ಒಂದೊಂದು ಕಾರ್ಡು ಬರೆಯುತ್ತಿದ್ದೇನೆ: ನಿಮ್ಮ ಮಣ್ಣಿನ ಎಣಿಕೆ ಸರಿಯಿತ್ತು, ಅದಕ್ಕೆ ನಾನು ಕೊಟ್ಟ ಅರ್ಥ ತಪ್ಪಿತ್ತು, ಇನ್ನೊಂದು ಹಿಡಿ ಮಣ್ಣು ಕಳಿಸಿ. ಈವರೆಗೆ ಬರೆದದ್ದು ನೂರ ಮೂವತ್ತೊಂದು. ಉತ್ತರ ಬಂದದ್ದು ಹದಿನೇಳು. ಮಣ್ಣು ಕಳಿಸಿದವರು ಹನ್ನೊಂದು. ಬೈದವರು ಐವರು. ಮದುವೆಯಾಗಿದೆಯೇ ಎಂದು ವಿಚಾರಿಸಿದವರು ಒಬ್ಬರು.

ನಿಮ್ಮಿಬ್ಬರಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಮೇಜಿನ ಎರಡನೇ ಖಾನೆಯಲ್ಲಿ, ಒಡೆದ ಆಲಿಕೆಯ ಹಿಂದೆ, ಒಂದು ಅಳತೆಪಟ್ಟಿ ಮತ್ತು ನಾಲ್ಕು ಪೆನ್ಸಿಲ್ ಬಿಟ್ಟು ಬಂದಿದ್ದೇನೆ. ನಿಮ್ಮಲ್ಲಿ ಒಬ್ಬರು ಎಣಿಸಿ, ಇನ್ನೊಬ್ಬರು ಬಾಯಿ ನೋಡಿ. ಗೆರೆಯನ್ನು ಮಾತ್ರ ಪೆನ್ನಿನಲ್ಲೇ ಎಳೆಯಿರಿ. ಪೆನ್ಸಿಲ್ ಅಭ್ಯಾಸಕ್ಕೆಂದು ಬಿಟ್ಟದ್ದು. ಕೊಟ್ರೇಶ್ ಸರ್ ಹತ್ತಿರ ರಬ್ಬರ್ ಇದೆ.

ಕಳೆದ ಭಾನುವಾರ ಎಮ್ಮಿಗನೂರಿಗೆ ಹೋಗಿದ್ದೆ. ಹುಲಿಗೆಮ್ಮ ಸತ್ತ ಮಡಿಗಳಿಗೆ ಹೊಸ ಸಗಣಿಗೊಬ್ಬರ ಹಾಕಿ, ಬದುಕಿರುವ ಮಡಿಗಳಿಂದ ಬುಟ್ಟಿ ಬುಟ್ಟಿ ಮಣ್ಣು ತಂದು ಬೆರೆಸಿ, ನೀರು ಬಿಟ್ಟಿದ್ದಾರೆ. ಅದರ ಒಂದು ಹಿಡಿಯನ್ನು ಹದಿನೈದು ದಿನದ ಹಿಂದೆ ತಂದಿದ್ದೆ. ಎಣಿಕೆ ಹೇಳಲು ಹೋಗಿದ್ದೆ.

"ಮುನ್ನೂರಾ ಎಪ್ಪತ್ತು ಆಗ್ಯಾವ್ರಿ. ಸೂಜಿ ಇದ್ದದ್ದು ಮೂರ."

"ಅಷ್ಟ ಏನು?"

"ಫಾರಂ ಪ್ರಕಾರ ಸಾಧಾರಣ ರೀ. ನೂರಕ್ಕ ಇಳಿದ್ರ ಉತ್ತಮ ಅಂತಾರ."

ಹುಲಿಗೆಮ್ಮ ಕೋಲಿಗೆ ಕಟ್ಟಿದ್ದ ವರದಿಯ ಕಡೆ ಒಮ್ಮೆ ನೋಡಿ, ಮತ್ತೆ ಮಣ್ಣು ಕೆದಕತೊಡಗಿದರು.

"ನಿಮ್ಮ ಉತ್ತಮ ನಿಮ್ಮ ಆಫೀಸಿನ ಗ್ವಾಡಿ ಮ್ಯಾಲಿರಲಿ. ಸಾವ್ರ ದಾಟಿದ ದಿನ ಬಂದು ಹೇಳು. ಆವತ್ತು ಬೀಜ ಹಾಕ್ತೀನಿ."